ತಂದೆಯವರನ್ನು ಪಂಚರ ಸ್ಥಾನದಿಂದ ಬಿಡುಗಡೆ ಮಾಡುವ ಬಗ್ಗೆ

ಇಂದ:
ಗವಿಸಿದ್ದಪ್ಪ ತಂದೆ ತಿರಕಪ್ಪ ಕವಲೂರ,
ಉದ್ಯೋಗ: ಒಕ್ಕಲುತನ ಹಾಗೂ ಕುಸ್ತಿ,
ಸಾಕಿನ: ಕೊರ್ಲಹಳ್ಳಿ, ಮುಂಡರಗಿ ಮಹಾಲು, ಧಾರವಾಡ ಜಿಲ್ಲೆ.
ರಾಜ್ಯ: ಹೋದ ತಿಂಗಳಿನ ತನಕ ಮುಂಬಯಿ, ಸದ್ಯ ಮೈಸೂರು.

ಗೆ:
ಮಾನ್ಯ ಶ್ರೀ ಚನ್ನಬಸವಣ್ಣನವರು, ಅಧ್ಯಕ್ಷರು,
ಕೂಡಿದ ನಾಡಿನ ವರ್ಷದ ಆಟಗಾರ ಆಯ್ಕೆ ಸಮಿತಿ,
ಹತ್ತಿ ಅಡತಿ ಅಂಗಡಿ, ಮುಂಡರಗಿ.

ದಿನಾಂಕ: ೧೦-೧೨-೧೯೫೬

ವಿಷಯ: ನನ್ನ ತಂದೆಯವರನ್ನು ಕುಸ್ತಿಯ ಪಂಚರ ಸ್ಥಾನದಿಂದ ಬಿಡುಗಡೆ ಮಾಡಿ, ಕುಸ್ತಿಯನ್ನು ಮತ್ತೊಮ್ಮೆ ನಡೆಸುವ ಬಗ್ಗೆ.

ಉಲ್ಲೇಖ: (೧) ನಾಡು ಕೂಡಿದ ದಿನ ತಾವು ಮುಂಡರಗಿ ಪೇಟೆಯಲ್ಲಿ ಹಲಗಿ ಬಾರಿಸಿ ಸಾರಿಸಿದ ಪ್ರಕಟಣೆ. (೨) ಹೋದ ವಾರ ನಡೆದ ಕುಸ್ತಿ. (೩) ಸದರಿ ಕುಸ್ತಿಯ ತರುವಾಯ ನಡೆದ ಗದ್ದಲ.

ಮಾನ್ಯರೇ,

ಮೇಲೆ ಕಾಣಿಸಿದ ವಿಷಯಕ್ಕೆ ಸಂಬಂಧಿಸಿ ಅರ್ಜಿದಾರನಾದ ನಾನು ತಮ್ಮ ಅವಗಾಹನೆಗೆ ತರುವುದೇನೆಂದರೆ, ಇದರಲ್ಲಿ ಬರೆದ ಬಹಳಷ್ಟು ಸಂಗತಿಗಳು ತಮ್ಮ ಕಣ್ಣೆದುರಿಗೇ ನಡೆದಿವೆ. ಆದರೆ ಆ ಹೊತ್ತಿನಲ್ಲಿ ಎಲ್ಲರೂ ಒಮ್ಮೆಲೇ ಕೂಗುತ್ತಿದ್ದ ಕಾರಣ ಯಾರು ಏನು ಹೇಳಿದರೆಂಬುದು ಯಾರಿಗೂ ತಿಳಿದಿಲ್ಲ. ಆದ್ದರಿಂದ ಮೊದಲಿನಿಂದ ಬರೆಯುತ್ತಿದ್ದೇನೆ. ಮಾತುಗಳನ್ನು ಆಡಿದವರು ಆಡಿದ ಹಾಗೆಯೇ ಬರೆದಿದ್ದೇನೆ. ಅವುಗಳಲ್ಲಿಯ ಬಿರುಸಿಗೆ ಅರ್ಜಿದಾರ ಜವಾಬ್ದಾರನಲ್ಲ.

೧. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು. ನನ್ನ ತಂದೆ ತಿರಕಪ್ಪನವರಿಗೆ ಅಕ್ಷರ ಬರುವುದಿಲ್ಲ. ಆದರೆ ಕನ್ನಡದ ಮಂದಿಯೆಲ್ಲ ಒಂದೇ ರಾಜ್ಯದಲ್ಲಿ ಇರಬೇಕೆಂಬುದು ಅವರಿಗೆ ಸ್ವಾತಂತ್ರ್ಯ ಬರುವ ಮೊದಲಿನಿಂದಲೂ ಹಿಡಿದ ಹಟ. ಅವರ ಒಡಹುಟ್ಟಿದ ಅಕ್ಕನನ್ನು ಹೊಳೆಯ ಆ ದಂಡೆಗೆ ಕೊಟ್ಟಿದೆ. ನಮ್ಮ ದಂಡೆ ಮುಂಬಯಿಗೆ ಸೇರಿತ್ತು. ಆ ದಂಡೆ, ಅಂದರೆ ಹಡಗಲಿ ತಾಲೂಕು, ಮೊದಲು ಮದರಾಸಿಗೆ, ಆಮೇಲೆ ಮೈಸೂರಿಗೆ ಸೇರಿತ್ತು. ಹರಗೋಲಿನಲ್ಲಿ ಕುಳಿತು ಒಂದು ಎಲೆ ಅಡಿಕೆ ಹಾಕಿಕೊಳ್ಳುವುದರೊಳಗೆ ರಾಜ್ಯ ಬದಲಾಗುತ್ತಿತ್ತು. ಇದು ತಂದೆಯವರಿಗೆ ಸಹನೆಯಾಗಲಿಲ್ಲ. ಆದ ಕಾರಣ ದಿಲ್ಲಿ, ಮುಂಬಯಿ, ಧಾರವಾಡ ಎಲ್ಲ ಕಡೆಗೂ ಅರ್ಜಿ ಕಳಿಸಿದರು. ಅವರು ಕಟ್ಟೆಯ ಮೇಲೆ ಕುಳಿತು ಹೇಳಿದರು, ನಾನು ಬರೆದೆನು. ಯಾವ ಅರ್ಜಿಯಲ್ಲಿಯೂ ಒಂದು ವಾಕ್ಯ ತಪ್ಪುತ್ತಿರಲಿಲ್ಲ: "ತುಂಗಭದ್ರೆಯ ಆ ದಂಡೆಯವರೂ ನಮ್ಮವರೇ." ಇದರಿಂದ ನನ್ನ ಕುಸ್ತಿಗೆ ಪೆಟ್ಟು ಬೀಳುವುದೆಂದು ಬರೆಯುವಾಗ ನನಗೆ ಹೊಳೆಯಲಿಲ್ಲ.

೨. ಪೆಟ್ಟು ಹೇಗೆಂದರೆ, ಆ ದಂಡೆಯಲ್ಲಿ ಗಾಳೆಪ್ಪ ಎಂಬ ಪೈಲ್ವಾನರು ಇದ್ದಾರೆ. ಈ ದಂಡೆಯಲ್ಲಿ ಗದಗ, ಬೆಟಗೇರಿ, ಶಿರಹಟ್ಟಿ, ಲಕ್ಷ್ಮೇಶ್ವರ, ಎಲ್ಲಿಯ ಕಣದಲ್ಲಿಯೂ ಎರಡೂ ಹೆಗಲು ನೆಲಕ್ಕೆ ಹಚ್ಚಿ ನನ್ನನ್ನು ಚಿತ್ತ ಮಾಡಿದವರಿಲ್ಲ. ಗಾಳೆಪ್ಪನವರು ಮಾತ್ರ ನನ್ನನ್ನು ತಮ್ಮ ಊರಿನಲ್ಲಿಯೂ ಚಿತ್ತ ಮಾಡಿದ್ದಾರೆ, ಬೇಸಿಗೆಯಲ್ಲಿ ನಮ್ಮ ಹೊಳೆಯ ಉಸುಕಿನಲ್ಲಿಯೂ ಚಿತ್ತ ಮಾಡಿದ್ದಾರೆ. ನಾನು ಸೋತು ತಲೆ ತಗ್ಗಿಸಿ ಬಂದಾಗಲೆಲ್ಲ ಊರಿನ ಹಿರಿಯರು ಹೇಳುತ್ತಿದ್ದ ಮಾತು ಒಂದೇ:

"ಬಿಡಲೇ ತಮ್ಮಾ, ಅಂವಾ ಬ್ಯಾರೆ ರಾಜ್ಯದಾಂವ. ಲೆಕ್ಕಕ್ಕ ಬರೂದಿಲ್ಲ."

ಹೀಗೆ ನಾನು ಮೈಯ ಮಣ್ಣು ತೊಳೆದುಕೊಳ್ಳುವ ಮೊದಲೇ ತಿರುಗಿ ಮೊದಲನೆಯ ಸ್ಥಾನಕ್ಕೆ ಏರುತ್ತಿದ್ದೆನು. ಈ ವ್ಯವಸ್ಥೆಯ ಬಗ್ಗೆ ನನ್ನ ತಕರಾರು ಏನೂ ಇರಲಿಲ್ಲ.

೩. ನವೆಂಬರ ಒಂದನೆಯ ತಾರೀಖು ನಾಡು ಕೂಡಿತು. ಮುಂಡರಗಿ ಪೇಟೆಯಲ್ಲಿ ತಂದೆಯವರು ಗುರುತಿದ್ದವರ ಬಾಯಿಗೂ ಗುರುತಿಲ್ಲದವರ ಬಾಯಿಗೂ ಸಕ್ಕರೆ ಹಾಕಿದರು. ಹಲಗಿಯವರ ಮುಂದೆ ಕುಣಿದರು. ಅದೇ ದಿನ ತಾವು ಕೂಡಿದ ನಾಡಿನ ವರ್ಷದ ಆಟಗಾರನಿಗೆ ಬೆಳ್ಳಿಯ ಕಡಗ ಮತ್ತು ತಲೆಗೆ ಸುತ್ತುವ ಜರಿಯ ಪಟಗ ಕೊಡುವುದಾಗಿ ಸಾರಿಸಿದಿರಿ. ಮಂದಿ ನನ್ನನ್ನು ಹೆಗಲ ಮೇಲೆ ಎತ್ತಿಕೊಂಡರು. ಎತ್ತರದಲ್ಲಿ ಕುಳಿತಿದ್ದ ಕಾರಣ ನನಗೆ ತಂದೆಯವರ ಮುಖ ಚೆನ್ನಾಗಿ ಕಾಣಿಸಿತು. ಅವರು ಏನೋ ಲೆಕ್ಕ ಹಾಕುತ್ತ ನಿಂತಿದ್ದರು.

೪. ಏಕೀಕರಣಕ್ಕಾಗಿ ದುಡಿದ ಹಿರಿಯರೆಂದು ತಾವು ನನ್ನ ತಂದೆಯವರನ್ನೂ ಸಮಿತಿಗೆ ತೆಗೆದುಕೊಂಡಿರಿ. ಇದು ತಮ್ಮ ದೊಡ್ಡತನ. ಮೊದಲ ಸಭೆ ತಮ್ಮ ಅಂಗಡಿಯಲ್ಲಿ ನಡೆದಾಗ ನಾನು ಹೊರಗೆ ಹತ್ತಿಯ ಅಂಡಿಗೆಯ ಮೇಲೆ ಕುಳಿತು ಎಲ್ಲವನ್ನೂ ಕೇಳಿಸಿಕೊಂಡೆನು. ಕೇಳಬಾರದೆಂದಿದ್ದರೂ ಕೇಳಿಸುತ್ತಿತ್ತು.

ಲಕ್ಷ್ಮೇಶ್ವರದ ಸದಸ್ಯರಾದ ಅಲ್ಲಾಸಾಬರು ಕಡಗ ಹುತುತು ಆಟದವರಿಗೇ ಸಲ್ಲಬೇಕೆಂದರು. "ಕುಸ್ತ್ಯಾಗ ಒಬ್ಬಾಂವ ಒಬ್ಬಾಂವನ್ನ ಕೆಡವತಾನ. ನಮ್ಮ ಹುಡುಗರು ಒಂದ ಉಸರಿನ್ಯಾಗ ನಾಕ ಮಂದೀನ್ನ ಮುಟ್ಟಿ ಬರ್ತಾರ. ಹೆಚ್ಚಿಂದು ಯಾವುದ್ರಿ?" ಎಂದರು. ಗದಗಿನ ಸದಸ್ಯರು ಹುಬ್ಬಳ್ಳಿಯ ತನಕ ಸೈಕಲ್ಲು ಹೊಡೆದು ಬಸ್ಸಿಗಿಂತ ಮೊದಲು ಮುಟ್ಟಿದ ಒಬ್ಬರ ಹೆಸರು ತೆಗೆದರು. ಗದಗಿನವರು ಹೇಳಿದರೆಂಬ ಕಾರಣಕ್ಕೆ ಬೆಟಗೇರಿಯ ಸದಸ್ಯರು ಕೂಡಲೇ ವಿರೋಧಿಸಿದರು. ಆ ಸೈಕಲ್ಲಿನವನು ಬೆಟಗೇರಿಯವನೇ ಎಂದು ತಿಳಿದ ಮೇಲೂ ಅವರು ವಿರೋಧ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಶಿರಹಟ್ಟಿಯವರು ಚಹಾ ಯಾವಾಗ ಬರುತ್ತದೆಂದು ಕೇಳಿದರು. ಚಹಾ ಬಂದ ಮೇಲೆ ಎಲ್ಲರ ದನಿ ಇಳಿದು, ಕೊನೆಗೆ ಕುಸ್ತಿಯೇ ಇರಲಿ, ಕೊರ್ಲಹಳ್ಳಿಯ ಗವಿಸಿದ್ದಪ್ಪನೇ ಇರಲಿ ಎಂದು ಒಮ್ಮತವಾಯಿತು. ಅಲ್ಲಾಸಾಬರೂ "ಆತು, ಹುಡುಗ ಛಲೋ ಅದಾನ" ಎಂದು ಕೈ ಎತ್ತಿದರು. ಅಂಡಿಗೆಯ ಮೇಲೆ ಕುಳಿತಲ್ಲಿಯೇ ನನ್ನ ತೋಳಿಗೆ ಕಡಗ ಬಂದಂತಾಯಿತು.

ಆಗ ತಂದೆಯವರು ಎದ್ದು ನಿಂತರು.

"ನಂದ ಒಪ್ಪಿಗಿ ಇಲ್ಲ."

ತಾವು ನಕ್ಕಿರಿ. "ಯಾಕೋ ತಿರಕಪ್ಪಾ? ನಿನ್ನ ಮಗನ ಹೆಸರ ಹೇಳಾಕತ್ತೀವಿ."

"ನನ್ನ ಮಗಾ ಅಂತ ಗೊತ್ತೈತ್ರಿ. ನನ್ನ ಮಗನ್ನ ಕೆಡವಿದಾಂವ ಯಾರು ಅನ್ನೂದೂ ಗೊತ್ತೈತಿ. ಆ ದಂಡಿ ಗಾಳೆಪ್ಪ."

"ಅಂವಾ ಬ್ಯಾರೆ ರಾಜ್ಯದಾಂವ ಅಲ್ಲೇನು?"

"ಯಾವ ರಾಜ್ಯದಾಂವ್ರಿ?" ಎಂದು ತಂದೆಯವರು ಕೇಳಿದರು. "ಆ ದಂಡಿಯವರೂ ನಮ್ಮವರು ಅಂತ ಊರೂರಿಗೆ ಅರ್ಜಿ ಬರಸೀನಿ. ಇವತ್ತ ಅವರು ನಮ್ಮವರು ಆದ್ರು. ಆದ ಮ್ಯಾಲ ಕಡಗ ಕೊಡೂ ಹೊತ್ತಿನ್ಯಾಗ ಅಂವಾ ಹೊರಗಿನಾಂವ ಅಂದ್ರ ನನ್ನ ಅರ್ಜಿ ಎಲ್ಲಾ ಸುಳ್ಳ ಆಗ್ತಾವ."

ಬೆಟಗೇರಿಯ ಸದಸ್ಯರು ಒಂದು ದಾರಿ ಹುಡುಕಿದರು. ಪ್ರಶಸ್ತಿ ಇಡೀ ವರ್ಷದ್ದು, ಗಾಳೆಪ್ಪ ನಮ್ಮವನಾದದ್ದು ವರ್ಷದ ಕೊನೆಗೆ, ಆದ್ದರಿಂದ ಅವನ ಗೆಲುವು ಹಿಡಿಯಬಾರದು ಎಂದರು. ಅದಕ್ಕೆ ತಂದೆಯವರು, "ನಿನ್ನೆ ಹುಟ್ಟಿದ ಕೂಸಿಗೂ ಮನ್ಯಾಗ ಪಾಲ ಐತಿಲ್ರಿ? ಕೂಸ ತಡಾ ಮಾಡಿ ಹುಟ್ಟೈತಿ ಅಂತ ಹೊರಗ ಹಾಕ್ತೀರೇನು?" ಎಂದರು. ಕಡಗದ ಮಾತು ಅಲ್ಲಿಗೇ ನಿಂತಿತು. ನಾನು ಅಂಡಿಗೆಯಿಂದ ಇಳಿದು ಚಕ್ಕಡಿ ಹೂಡಿದೆನು.

೫. ತಂದೆಯವರನ್ನು ಕೂಡ್ರಿಸಿಕೊಂಡು ಚಕ್ಕಡಿ ಹೊಡೆದೆನು. ಊರ ಹತ್ತಿರ ತಂದೆಯವರು ಒಂದೇ ಮಾತು ಹೇಳಿದರು: "ನಾಡು ಕೂಡಿದ್ರ ನೀ ಎರಡನೇದಾಂವ ಆಗ್ತಿ ಅಂದ್ರ, ಆಗು." ಪೈಲ್ವಾನ ಅಳಬಾರದೆಂದು ಎತ್ತುಗಳ ಕಡೆ ನೋಡಿದೆನು.

ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟಿತ್ತು. ನನ್ನ ತಾಯಿ ಕಳಕವ್ವನವರು ಬಾಗಿಲಲ್ಲಿ ನಿಂತಿದ್ದರು.

"ನಾಡು ಕೂಡಸಿದ್ರಿ, ಛಲೋ ಆತು," ಎಂದರು ತಂದೆಯವರಿಗೆ. "ಆ ದಂಡಿ ಹುಡುಗ ನಮ್ಮಾಂವ ಅಂದ್ರಿ. ಈ ದಂಡಿ ಹುಡುಗ ಯಾರಾಂವ? ಅದಕ್ಕೂ ಒಂದ ಅರ್ಜಿ ಬರಸ್ರಿ."

ಅಂದಿನಿಂದ ತಂದೆಯವರ ತಾಟಿಗೆ ಕೆನೆಮೊಸರು ನಿಂತಿತು. ರೊಟ್ಟಿ ಬೀಳುತ್ತಿದ್ದವು, ಆದರೆ ಮೇಲಿನಿಂದ ಬೀಳುತ್ತಿದ್ದವು.

೬. ಹೀಗಿರಲಾಗಿ, ಒಂದು ದಿನ ಮುಂಜಾನೆ ಸ್ವತಃ ಗಾಳೆಪ್ಪನವರು ಹೊಳೆ ದಾಟಿ ನಮ್ಮ ಮನೆಗೆ ಬಂದರು. ಅವರು ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲೆಯಾಗುತ್ತದೆ. ತಾಯಿಯವರು ಆವರೆಗೆ ಅವರನ್ನು ನೋಡಿರಲಿಲ್ಲ. ಆದರೂ ಯಾರೆಂದು ಗುರುತಿಸಿದರು.

"ನೀನ ಏನು ನನ್ನ ಮಗನ್ನ ಕೆಡವಿದಾಂವ?"

"ಹೌದ್ರಿ ಯವ್ವಾ," ಎಂದರು ಗಾಳೆಪ್ಪನವರು, ತಪ್ಪು ಮಾಡಿದವರ ಹಾಗೆ. "ನಿಮ್ಮ ಊರಾಗ ನನ್ನ ಸಲುವಾಗಿ ಜಗಳ ನಡದೈತಿ ಅಂತ ಖಬರ ಬಂತು. ನನಗ ಕಡಗ ಬ್ಯಾಡ್ರಿ. ಗವಿಸಿದ್ದಣ್ಣಗ ಕೊಡ್ರಿ. ಹೇಳಿ ಹೋಗೂಣು ಅಂತ ಬಂದೆ."

"ಉಂಡೀ ಏನು?"

"ಇಲ್ರಿ."

"ಮತ್ತ ಕುಂಡ್ರು. ಉಪವಾಸ ಇದ್ದಾಂವನ ಮಾತ ನಾ ಕೇಳೂದಿಲ್ಲ."

ಗಾಳೆಪ್ಪನವರು ಊಟಕ್ಕೆ ಕುಳಿತರು. ತಾಯಿಯವರು ರೊಟ್ಟಿ ಬಡಿಯುತ್ತಲೇ ಇದ್ದರು, ಅವರು ಉಣ್ಣುತ್ತಲೇ ಇದ್ದರು. ಬುಟ್ಟಿಯ ತಳ ಕಂಡಾಗ ತಾಯಿಯವರು ನನ್ನ ಕಡೆ ತಿರುಗಿ, "ಇಂಥಾಂವನ ಕೈಯಾಗ ಬಿದ್ದರ ಅಡ್ಡಿಲ್ಲಪಾ," ಎಂದು ಸಮಾಧಾನ ಹೇಳಿದರು. ಗಾಳೆಪ್ಪನವರ ತಾಟಿಗೆ ಕೆನೆಮೊಸರು ಬಿತ್ತು. ತಂದೆಯವರು ಅದನ್ನು ನೋಡಿದರು.

ಆದರೆ ಗಾಳೆಪ್ಪನವರು ಕಡಗವನ್ನು ಹಾಗೆ ನನಗೆ ಬಿಟ್ಟುಕೊಡುವುದಕ್ಕೆ ನಾನು ಒಪ್ಪಲಿಲ್ಲ. ಕೊಟ್ಟ ಕಡಗ ತೊಟ್ಟು ನಾನು ಯಾವ ಗರಡಿ ಮನೆಗೆ ಹೋಗಲಿ? ಆದ್ದರಿಂದ ನಾವಿಬ್ಬರೂ ಮತ್ತೊಂದು ಕುಸ್ತಿ ಆಡಬೇಕು, ಗೆದ್ದವರಿಗೆ ಕಡಗ, ಎಂದು ಅಲ್ಲಿಯೇ ಮಾತಾಯಿತು. ತಾವೂ ಒಪ್ಪಿಗೆ ಕೊಟ್ಟಿರಿ. ಸೋಲು ಗೆಲುವಿನ ತೀರ್ಪು ಹೇಳುವ ಪಂಚರು ಯಾರೆಂಬ ಪ್ರಶ್ನೆ ಬಂದಾಗ ತಂದೆಯವರ ಹೆಸರಿಗೆ ಎರಡೂ ದಂಡೆಯವರು ಕೈ ಎತ್ತಿದರು. ನಮ್ಮವರು, ಅವರು ನನ್ನ ತಂದೆ ಎಂಬ ಕಾರಣಕ್ಕೆ. ಆ ದಂಡೆಯವರು, ಅವರು ಗಾಳೆಪ್ಪನವರ ಪರ ಮಾತಾಡಿದವರು ಎಂಬ ಕಾರಣಕ್ಕೆ. ಇಂಥ ಪಂಚರು ಜಿಲ್ಲೆಯಲ್ಲಿ ಮತ್ತೊಬ್ಬರು ಸಿಗಲಾರರೆಂದು ತಾವೇ ಹೇಳಿದಿರಿ. ಅದು ಖರೆಯಾಯಿತು.

೭. ಹೋದ ವಾರ ಮುಂಡರಗಿ ಗರಡಿ ಮನೆಯ ಮುಂದಿನ ಬಯಲಿನಲ್ಲಿ ಕುಸ್ತಿ ನಡೆಯಿತು. ಎಷ್ಟು ಜನ ಬಂದಿದ್ದರೆಂಬುದನ್ನು ತಾವು ಬಲ್ಲಿರಿ. ಆ ದಂಡೆಯಿಂದ ಹರಗೋಲುಗಳು ತುಂಬಿ ತುಂಬಿ ಬಂದಿದ್ದವು. ಮಲ್ಲಸಮುದ್ರದಿಂದ ಯಳವತ್ತಿಯ ತನಕ ಚಕ್ಕಡಿ ಹೂಡಿಕೊಂಡು ಬಂದಿದ್ದರು. ಕುಸ್ತಿಯ ವಿವರವನ್ನು ಆಡಿದವನಾಗಿ ಹೇಳುವುದಾದರೆ, ಮೊದಲಿಗೆ ಗಾಳೆಪ್ಪನವರು ನನ್ನ ಕುತ್ತಿಗೆಗೆ ಕೈ ಹಾಕಿ ಕೆಳಗೆ ಕೆಡವಿ ಬೆನ್ನ ಮೇಲೆ ಕುಳಿತರು. ನನ್ನ ಬಾಯಿಗೆ ಮಣ್ಣು ಬಂತು. ಈ ಸಲವೂ ಆಯಿತು ಎಂದುಕೊಂಡೆನು. ಈಗ ಸೋತರೆ ಲೆಕ್ಕಕ್ಕಿಲ್ಲ ಅನ್ನುವವರು ಯಾರೂ ಇಲ್ಲ ಎಂಬುದೂ ನೆನಪಾಯಿತು. ಅವರು ನನ್ನ ನಡುವಿಗೆ ತೋಳು ಸುತ್ತುವಾಗ ಆ ತೋಳನ್ನು ಕಂಕುಳಲ್ಲಿ ಬಿಗಿಹಿಡಿದು, ಇದ್ದಬದ್ದ ಬಲವನ್ನೆಲ್ಲ ಹಾಕಿ ಹೊರಳಿದೆನು. ಭೂಮಿ ಒಮ್ಮೆ ತಿರುಗಿದಂತಾಯಿತು. ನೋಡಿದರೆ ನಾನು ಮೇಲೆ ಇದ್ದೆನು, ಗಾಳೆಪ್ಪನವರು ಕೆಳಗೆ ಇದ್ದರು.

ಹಲಗಿ ಜೋರಾದವು. ಪಟಗಗಳು ಮೇಲೆ ಹಾರಿದವು. ಅವರ ಎಡ ಹೆಗಲು ನೆಲಕ್ಕೆ ಹತ್ತಿದ್ದು ನನ್ನ ಕೈಗೆ ತಿಳಿಯಿತು. ಬಲ ಹೆಗಲು ನನ್ನ ಎದೆಯ ಅಡಿಗೆ ಇದ್ದ ಕಾರಣ ನನಗೆ ಕಾಣುತ್ತಿರಲಿಲ್ಲ. ತಂದೆಯವರು ಮಣ್ಣಿಗೆ ಗಲ್ಲ ಹಚ್ಚಿ ಒಂದು ಕಡೆಯಿಂದ ನೋಡಿದರು. ಮೊಣಕಾಲ ಮೇಲೆ ಸರಿದುಹೋಗಿ ಇನ್ನೊಂದು ಕಡೆಯಿಂದ ನೋಡಿದರು. ಆಮೇಲೆ ಎದ್ದು ಮಣ್ಣು ಝಾಡಿಸಿಕೊಂಡರು.

"ಚಿತ್ತ ಆಗಿಲ್ಲ. ಏಳ್ರಿ."

ಕೆಳಗಿನಿಂದ ಗಾಳೆಪ್ಪನವರು ಹೇಳಿದರು, "ಕಾಕಾ, ಆಗೇತ್ರಿ. ಎರಡೂ ಹೆಗಲ ಹತ್ಯಾವ. ಮಣ್ಣ ತಣ್ಣಗ ಹತ್ತಾಕತ್ತೈತಿ."

"ನೀ ಮಲಕೊಂಡೀದಿ. ನಿನಗೇನ ಕಾಣಿಸ್ತೈತಿ? ಸುಮ್ನಿರು."

"ಬೆನ್ನ ನಂದ್ರಿ!"

"ಬೆನ್ನ ನಿಂದು. ತೀರ್ಪು ನಂದು."

೮. ಆನಂತರ ನಡೆದ ಗದ್ದಲದಲ್ಲಿ ಆ ದಂಡೆಯವರು ಗಾಳೆಪ್ಪನವರ ಮಾತು ಹಿಡಿದು ತಮ್ಮ ಪೈಲ್ವಾನ ಸೋತನೆಂದು ಕೂಗಿದರು. ನಮ್ಮ ದಂಡೆಯವರು ನನ್ನ ತಂದೆಯವರ ಹೆಸರು ಹಿಡಿದು ಬೈದರು. ಗಾಳೆಪ್ಪನವರು ಕಣದ ಸುತ್ತ ನಡೆದು ಎರಡೂ ಹೆಗಲಿನ ಕೆಂಪು ಮಣ್ಣನ್ನು ಎಲ್ಲರಿಗೂ ತೋರಿಸಿದರು. ತಂದೆಯವರು ಅವರ ಹಿಂದೆ ಹಿಂದೆಯೇ ನಡೆದು, ಅದು ಮೊದಲು ಹೊರಳಾಡಿದಾಗ ಹತ್ತಿದ ಮಣ್ಣು ಎಂದು ಎಲ್ಲರಿಗೂ ವಿವರಿಸಿದರು. ಸೋತವನು ಸೋತೆ ಅನ್ನುತ್ತಾನೆ, ಗೆದ್ದವನ ಅಪ್ಪ ಗೆದ್ದಿಲ್ಲ ಅನ್ನುತ್ತಾನೆ, ಇದಕ್ಕೆ ಯಾವ ಕಾನೂನು ಹಚ್ಚಬೇಕು ಎಂದು ತಾವು ತಲೆಗೆ ಕೈ ಹಚ್ಚಿ, ತೀರ್ಪನ್ನು ಮುಂದಕ್ಕೆ ಹಾಕಿ ಮನೆಗೆ ಹೋದಿರಿ. ತಮ್ಮ ಸ್ಥಾನದಲ್ಲಿ ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆನು.

೯. ಮರುದಿನ ಮುಂಜಾನೆ ಹಿತ್ತಿಲಲ್ಲಿ ತಂದೆಯವರು ನನ್ನ ಮೈಗೆ ಎಣ್ಣೆ ಹಚ್ಚಿದರು. ಕುಸ್ತಿಯ ಮರುದಿನ ಅವರೇ ಹಚ್ಚುವುದು ರೂಢಿ. ತೋಳು, ಹೆಗಲು ತಿಕ್ಕಿದರು. ಆಮೇಲೆ ಕೇಳಿದರು:

"ಸಿಟ್ಟ ಬಂದೈತೇನು?"

"ಇಲ್ಲ ಯಪ್ಪಾ."

"ಖರೆ ಹೇಳು."

"ಬಂದೈತಿ."

ಅವರ ಕೈ ನಿಂತಿತು. "ನನಗ ಕಾಣಲಿಲ್ಲಲೇ ತಮ್ಮಾ," ಎಂದರು.

"ಏನು?"

"ಅವನ ಬಲಗಡೆ ಹೆಗಲ. ಈ ಕಡೆ ಬಗ್ಗಿ ನೋಡಿದ್ರ ನಿನ್ನ ಬೆನ್ನ ಅಡ್ಡ. ಆ ಕಡೆ ಹೋದೆ, ಅಲ್ಲೂ ನಿನ್ನ ಬೆನ್ನ ಅಡ್ಡ. ಯಾವಾಗ ಇಷ್ಟ ಅಗಲ ಆತೋ ಇದು? ನನಗ ಗೊತ್ತ ಆಗಿಲ್ಲ ನೋಡು." ಮತ್ತೆ ಎಣ್ಣೆ ಹಾಕಿಕೊಂಡು ಅದೇ ಬೆನ್ನನ್ನು ತಿಕ್ಕಿದರು. "ಕಾಣದ್ದನ್ನ ಕಂಡೀನಿ ಅಂತ ಹೆಂಗ ಹೇಳಲಿ? ಅದೂ ನನ್ನ ಮಗ ಮ್ಯಾಲ ಇದ್ದಾಗ."

"ಬ್ಯಾರೆಯವರ ಮಗ ಮ್ಯಾಲ ಇದ್ದಿದ್ರ?"

ತಂದೆಯವರು ಬಹಳ ವಿಚಾರ ಮಾಡಿದರು. "ಆಗೇತಿ ಅಂತಿದ್ನೇನೋ," ಎಂದರು.

ಬಿಸಿನೀರು ತಂದಿದ್ದ ತಾಯಿಯವರು ಇದನ್ನು ಕೇಳಿ ಕೊಡವನ್ನು ಸಪ್ಪಳ ಮಾಡಿ ಇಟ್ಟರು. ತಂದೆಯವರು ಅವರ ಕಡೆ ನೋಡದೆ ನನಗೆ ಮಾತ್ರ ಕೇಳಿಸುವ ಹಾಗೆ ಇನ್ನೊಂದು ಮಾತು ಹೇಳಿದರು: "ನೀ ಹೊರಳಿ ಮ್ಯಾಲ ಬಂದಿ ನೋಡು, ಆವಾಗ ಕೂಗಬೇಕ ಅನಸ್ತು. ಬಾಯಿತನಾ ಬಂದಿತ್ತು. ಪಂಚ ಕೂಗಬಾರದು ಅಂತ ನುಂಗಿದೆ. ಇನ್ನೂ ಎದಿಯಾಗ ಕುಂತೈತಿ ಅದು."

ಅದನ್ನು ಕೇಳಿದ ಮೇಲೆ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಆದರೆ ಗೆದ್ದೆನೋ ಇಲ್ಲವೋ ಎಂಬುದು ಮಾತ್ರ ಇನ್ನೂ ಗೊತ್ತಾಗಿಲ್ಲ. ಗಾಳೆಪ್ಪನವರಂಥ ಪೈಲ್ವಾನರನ್ನು ಕೆಡವುವುದು ಜನ್ಮದಲ್ಲಿ ಒಮ್ಮೆ ಆಗುವ ಮಾತು. ಅದು ಆಯಿತೋ ಇಲ್ಲವೋ ತಿಳಿಯದೆ ಇರುವುದು ಕಷ್ಟ. ನಿದ್ದೆಯಲ್ಲಿಯೂ ಕೈ ಅವರ ಬಲ ಹೆಗಲನ್ನು ಹುಡುಕುತ್ತದೆ.

ಈ ಎಲ್ಲ ಕಾರಣಗಳಿಂದ, ಹಾಗೂ ಮೇಲೆ ಹೇಳಿದ ಕಾರಣಗಳು ಸಾಲದಿದ್ದರೆ ತೀರ್ಪು ಆಗುವ ತನಕ ಹೊಳೆ ದಾಟುವುದಿಲ್ಲವೆಂದು ಗಾಳೆಪ್ಪನವರು ನಮ್ಮ ಮನೆಯಲ್ಲಿಯೇ ಇಳಿದು, ದಿನಾಲು ಊಟದ ಹೊತ್ತಿಗೆ ತಾವು ಸೋತದ್ದನ್ನು ತಂದೆಯವರ ಮುಂದೆ ಮೊದಲಿನಿಂದ ವಾದಿಸುತ್ತಿರುವ ಕಾರಣದಿಂದಲೂ, ನಾನು ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ:

ಸದರಿ ಕುಸ್ತಿಯನ್ನು ಮತ್ತೊಮ್ಮೆ ನಡೆಸಬೇಕು. ಕುಸ್ತಿ ಆಡುವ ಮಗನಿಲ್ಲದ ಯಾರನ್ನಾದರೂ ಪಂಚರನ್ನಾಗಿ ನೇಮಿಸಬೇಕು. ನನ್ನ ತಂದೆಯವರನ್ನು ಆ ಸ್ಥಾನದಿಂದ ಬಿಡುಗಡೆ ಮಾಡಿ ಮಂದಿಯ ನಡುವೆ ಕುಳ್ಳಿರಿಸಬೇಕು. ಆನಂತರ ಕಡಗವನ್ನು ಗಾಳೆಪ್ಪನವರಿಗೆ ಕೊಟ್ಟರೂ ನನ್ನ ತಕರಾರಿಲ್ಲ. ಅವರು ನಮ್ಮವರೇ.

ತಮ್ಮ ತೀರ್ಪನ್ನು ಕಾಯುತ್ತ, ದಂಡ ಹೊಡೆಯುತ್ತ ಇರುವ,
ತಮ್ಮ ನಂಬಿಗೆಯ,
(ಸಹಿ) ಗವಿಸಿದ್ದಪ್ಪ ತಿ. ಕವಲೂರ

ಲಗತ್ತು:
(ಅ) ತಾನು ಚಿತ್ತ ಆಗಿರುವುದಾಗಿ ಗಾಳೆಪ್ಪನವರ ಹೇಳಿಕೆ, ಹೆಬ್ಬೆಟ್ಟಿನ ಗುರುತಿನೊಂದಿಗೆ.
(ಆ) ಅವರು ಆಗಿಲ್ಲವೆಂದು ತಂದೆಯವರ ಹೇಳಿಕೆ. ಇದನ್ನೂ ನಾನೇ ಬರೆದುಕೊಟ್ಟಿದ್ದೇನೆ.
(ಇ) ತಾಯಿಯವರ ಹೇಳಿಕೆ. ಇದನ್ನು ಕಾಗದದ ಮೇಲೆ ಬರೆಯುವಂತಿಲ್ಲವಾದ ಕಾರಣ, ತಾವು ಕೊರ್ಲಹಳ್ಳಿಗೆ ಬಂದಾಗ ಅವರೇ ಹೇಳುತ್ತಾರೆ.

ವಿಶೇಷ ವಿನಂತಿ: ಕುಸ್ತಿಯ ದಿನ ತಂದೆಯವರಿಗೆ ಮುಂದಿನ ಸಾಲಿನಲ್ಲಿಯೇ ಜಾಗ ಕೊಡಬೇಕು. ಆದರೆ ಆ ಜಾಗ ಹಲಗಿ ಬಾರಿಸುವವರ ಮಗ್ಗುಲಿಗೆ ಇರಬೇಕು. ಅವರು ಕೂಗುವುದು ನನಗೆ ಕೇಳಿಸಿದರೆ ಸಾಕು, ಪಂಚರಿಗೆ ಕೇಳಿಸಬಾರದು.